ಅಂಡಮಾನ್ ಟಿಕೆಟ್ ತೆಗೆಯೋ ಮುಂಚೆ ಪಂಚಾಂಗ ನೋಡಿ

ಪ್ರಶ್ನೆ: ನಾವು ಬೆಂಗಳೂರಿನ ವಿಜಯನಗರದವರು. ನಾನು, ನನ್ನ ಹೆಂಡತಿ, ಒಂಬತ್ತು ವರ್ಷದ ಮಗಳು, ಅರವತ್ತಾರು ವರ್ಷದ ಅಮ್ಮ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲಲ್ಲಿ ಆರು ದಿನ ಅಂಡಮಾನಿಗೆ ಹೋಗಬೇಕು ಅಂತಿದ್ದೇವೆ. ರೆಸಾರ್ಟು, ಜೆಟ್ ಸ್ಕೀ ನಮಗೆ ಬೇಡ. ಕಾಡು, ಕಡಲು, ಜೀವಜಂತು ನೋಡಬೇಕು. ಯಾರಿಗೂ ಈಜು ಬರಲ್ಲ. ಏಜೆಂಟ್ ಒಬ್ಬರು ಆರು ದಿನಕ್ಕೆ ಹನ್ನೊಂದು ಜಾಗದ ಪಟ್ಟಿ ಕೊಟ್ಟಿದ್ದಾರೆ, ಬಾರಾತಾಂಗ್ ಕೂಡ ಇದೆ. ಯಾವುದು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು? ಅಷ್ಟು ದೂರ ಹೋಗೋ ಬದಲು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೇ ಹೋದರೆ ಸಾಕಾ? ಮಗಳಿಗೆ ಚಿಪ್ಪು ಆರಿಸಿ ತರೋ ಆಸೆ. ತರಬಹುದಾ?

ಉತ್ತರ: ಆ ಪಟ್ಟಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಗೋಡೆ ಮೇಲಿರುವ ಪಂಚಾಂಗದ ಕ್ಯಾಲೆಂಡರ್ ಇಳಿಸಿ, ಶಿವರಾತ್ರಿ ಎಂದು ಬಂದಿದೆ ನೋಡಿ. ತಮಾಷೆ ಮಾಡ್ತಿಲ್ಲ. ದ್ವೀಪಕ್ಕೆ ಹೋಗುವವರು ಮೊದಲು ಕೇಳಬೇಕಾದದ್ದು ಎಲ್ಲಿಗೆ ಅಂತಲ್ಲ, ಯಾವ ತಿಥಿಗೆ ಅಂತ. ಏಕೆ ಅಂತ ನನ್ನದೇ ಕಥೆ ಹೇಳುತ್ತೇನೆ.

ನಾನು ಮೊದಲ ಸಲ ಅಂಡಮಾನಿನ ನೀಲ್ ದ್ವೀಪಕ್ಕೆ ಹೋದಾಗ ನಮ್ಮ ಕೈಯಲ್ಲೂ ನಿಮ್ಮದರಂಥ ಪಟ್ಟಿಯೇ ಇತ್ತು. ಡ್ರೈವರ್ ಹನ್ನೊಂದು ಗಂಟೆಗೆ ಕಲ್ಲಿನ ಕಮಾನು ಇರುವ ತೀರಕ್ಕೆ ಕರೆದುಕೊಂಡು ಹೋದ. ಅಲ್ಲಿನ ಬಂಗಾಳಿಗಳು ಅದಕ್ಕೆ ಹೌರಾ ಬ್ರಿಡ್ಜ್ ಅನ್ನುತ್ತಾರೆ. ಕಡಲು ಪೂರ್ತಿ ತುಂಬಿತ್ತು. ಅಲೆಗಳು ಕಮಾನಿನ ಬುಡಕ್ಕೆ ಬಡೀತಿದ್ದವು. ದೂರದಿಂದ ನಾಲ್ಕು ಫೋಟೋ ತೆಗೆದು, ಎಳನೀರು ಕುಡಿದು, ಇಪ್ಪತ್ತು ನಿಮಿಷಕ್ಕೆ ವಾಪಸ್ ಬಂದೆವು. ಇಷ್ಟೇನಾ ನೀಲ್ ಅಂದುಕೊಂಡೆ.

ಆರು ವರ್ಷ ಬಿಟ್ಟು ಅದೇ ಜಾಗಕ್ಕೆ ಇಳಿತದ ಹೊತ್ತಿಗೆ ಹೋದೆ. ಅಲ್ಲಿ ಕಡಲೇ ಇರಲಿಲ್ಲ! ನೀರು ಎಷ್ಟೋ ದೂರ ಹಿಂದೆ ಸರಿದು, ಅದರಡಿ ಇದ್ದ ಬಂಡೆಯ ಹಾಸೆಲ್ಲ ಮೇಲೆ ಬಂದಿತ್ತು. ಬಂಡೆಗಳ ಮಧ್ಯೆ ಬೋಗುಣಿಯಷ್ಟು, ತಟ್ಟೆಯಷ್ಟು, ಕೆಲವು ಕಡೆ ನಮ್ಮ ಮನೆಯ ಸಂಪಿನಷ್ಟು ಗುಂಡಿಗಳು. ಒಂದೊಂದರಲ್ಲೂ ಒಂದು ಸಂಸಾರ. ಊರಿನ ಹುಡುಗನೊಬ್ಬ ದಾರಿ ತೋರಿಸಲು ಜೊತೆ ಬಂದಿದ್ದ. ಒಂದು ಗುಂಡಿಯ ಹತ್ತಿರ ಕೂರಿಸಿ, ಅಲ್ಲಾಡಬೇಡಿ ಅಂದ. ಕಲ್ಲಿನ ಸಂದಿಯಲ್ಲಿ ನೀಲಿ ಹಸಿರು ಬಣ್ಣದ, ಅಲೆ ಅಲೆಯಾದ ಎರಡು ತುಟಿ ಕಾಣಿಸಿತು. ವೆಲ್ವೆಟ್ ಬಟ್ಟೆಯ ಅಂಚಿನ ಹಾಗೆ. ಅದು ಜಯಂಟ್ ಕ್ಲಾಮ್ ಅನ್ನುವ ದೊಡ್ಡ ಕಪ್ಪೆಚಿಪ್ಪು. ಅವನು ಕೈ ಅಡ್ಡ ಹಿಡಿದ. ನೆರಳು ಬಿದ್ದದ್ದೇ ತಡ, ತುಟಿ ಪಟ್ ಅಂತ ಒಳಗೆ ಹೋಯಿತು. ಕೈ ತೆಗೆದ. ಒಂದು ನಿಮಿಷ ಏನೂ ಇಲ್ಲ. ಆಮೇಲೆ ನಾಚಿಕೊಂಡ ಹಾಗೆ ಮೆಲ್ಲಗೆ ಮತ್ತೆ ಹೊರಗೆ ಬಂತು. ಅದೊಂದನ್ನೇ ನೋಡುತ್ತಾ ಅರ್ಧ ಗಂಟೆ ಕೂತಿದ್ದೆ.

ಅದೇ ಜಾಗ, ಅದೇ ನಾನು. ಬದಲಾಗಿದ್ದು ನೀರಿನ ಮಟ್ಟ ಒಂದೇ.

ಲೆಕ್ಕ ಸುಲಭ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಪ್ರತಿದಿನ ಅದು ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಮಧ್ಯಾಹ್ನ ಎರಡಕ್ಕೆ ಇಳಿತ ಇದ್ದರೆ ನಾಳೆ ಎರಡೂ ಐವತ್ತಕ್ಕೆ. ಅಮಾವಾಸ್ಯೆ, ಹುಣ್ಣಿಮೆಗೆ ಸೂರ್ಯ ಚಂದ್ರ ಒಂದೇ ಗೆರೆಯಲ್ಲಿ ಎಳೆಯುವುದರಿಂದ ನೀರು ಜಾಸ್ತಿ ಏರಿ ಜಾಸ್ತಿ ಇಳಿಯುತ್ತದೆ. ಅಂಡಮಾನಿನಲ್ಲಿ ಆಗ ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಎರಡು ಮೀಟರ್ ವ್ಯತ್ಯಾಸ ಬರುತ್ತದೆ. ಅಷ್ಟಮಿಯ ಹೊತ್ತಿಗೆ ಕಡಲು ಸೋಮಾರಿ, ಹೆಚ್ಚು ಇಳಿಯುವುದೂ ಇಲ್ಲ, ಏರುವುದೂ ಇಲ್ಲ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ದೊಡ್ಡ ಇಳಿತ ಸಿಗುವುದು ಸರಿಯಾಗಿ ಅಮಾವಾಸ್ಯೆಯ ದಿನವೇ ಅಲ್ಲ, ಒಂದೆರಡು ದಿನ ಕಳೆದು, ಪಾಡ್ಯ ಬಿದಿಗೆಗೆ. ಗಂಟೆ ಎಷ್ಟು ಅಂತ ತಿಳಿಯೋಕೆ ಫೋನಲ್ಲಿ ಪೋರ್ಟ್‌ಬ್ಲೇರ್ ಟೈಡ್ ಟೇಬಲ್ ಅಂತ ಹುಡುಕಿ. ನೀಲ್‌ಗೆ ಹೋಗುವ ದಿನದ ಇಳಿತದ ಹೊತ್ತು ಬರೆದಿಟ್ಟುಕೊಳ್ಳಿ. ಅದಕ್ಕೆ ಮುಕ್ಕಾಲು ಗಂಟೆ ಮುಂಚೆಯೇ ಅಲ್ಲಿರಿ.

ಹಾಗಾದರೆ ಹುಣ್ಣಿಮೆಗೂ ಹೋಗಬಹುದಲ್ಲ ಅಂತೀರಿ. ಹೋಗಬಹುದು. ಆದರೆ ಕತ್ತಲೆ ಸಿಗಲ್ಲ. ನಿಮಗೆ ಕತ್ತಲೆಯೂ ಬೇಕು.

ಹ್ಯಾವ್‌ಲಾಕ್ ದ್ವೀಪದ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡಿನ ನಡುವೆ ರಾತ್ರಿ ಕಯಾಕ್‌ನಲ್ಲಿ ಕರೆದುಕೊಂಡು ಹೋಗುತ್ತಾರೆ. ಉದ್ದನೆಯ ಪುಟ್ಟ ದೋಣಿ, ಇಬ್ಬರು ಕೂರಬಹುದು, ಲೈಫ್ ಜಾಕೆಟ್ ಇರುತ್ತದೆ, ಈಜು ಬೇಕಾಗಿಲ್ಲ. ದಡದ ದೀಪಗಳೆಲ್ಲ ಮರೆಯಾದ ಮೇಲೆ ಗೈಡ್ ಟಾರ್ಚ್ ಆರಿಸುತ್ತಾನೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಹತ್ತು ನಿಮಿಷ ಕೊಡಿ. ಆಮೇಲೆ ನೀರಿಗೆ ಕೈ ಇಳಿಬಿಟ್ಟು ಬೆರಳಾಡಿಸಿ. ಬೆರಳ ಸುತ್ತ ಸುರುಸುರು ಬತ್ತಿಯ ಕಿಡಿಯಂಥ ಬೆಳಕು ಏಳುತ್ತದೆ. ಹುಟ್ಟು ಹಾಕಿದಾಗೆಲ್ಲ ಬೆಳಕಿನ ಸುಳಿ. ಮೀನೊಂದು ಬೆದರಿ ಓಡಿದರೆ ಅದರ ಹಿಂದೆ ಒಂದು ಗೆರೆ. ಡೈನೋಫ್ಲಾಜೆಲೇಟ್ ಅನ್ನುವ, ಕಣ್ಣಿಗೆ ಕಾಣದಷ್ಟು ಚಿಕ್ಕ ಜೀವಿಗಳ ಕೆಲಸ ಇದು. ನೀರು ಕಲಕಿದಾಗ ಅವುಗಳೊಳಗೆ ರಾಸಾಯನಿಕ ಕ್ರಿಯೆ ನಡೆದು ಬೆಳಕು ಹೊಮ್ಮುತ್ತದೆ. ಚಂದ್ರ ಇದ್ದರೆ ಇದು ಕಾಣುವುದೇ ಕಷ್ಟ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಟರ್‌ನೆಟ್‌ನಲ್ಲಿ ನೀವು ನೋಡಿರುವ ಕಡು ನೀಲಿ ಸಮುದ್ರದ ಫೋಟೋಗಳು ಕ್ಯಾಮೆರಾ ಶಟರ್ ತುಂಬಾ ಹೊತ್ತು ತೆರೆದಿಟ್ಟು ತೆಗೆದವು. ಕಣ್ಣಿಗೆ ಅಷ್ಟು ನೀಲಿ ಕಾಣಲ್ಲ, ಸ್ವಲ್ಪ ಬಿಳಿಚು. ಅದನ್ನೇ ನಿರೀಕ್ಷಿಸಿ ಹೋದರೆ ನಿರಾಸೆ ಆಗಲ್ಲ. ಫೋನನ್ನು ರೂಮಿನಲ್ಲೇ ಬಿಟ್ಟು ಹೋಗಿ, ಹೇಗೂ ಏನೂ ಬರಲ್ಲ.

ಈಗ ಎರಡನ್ನೂ ಸೇರಿಸಿ ನೋಡಿ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ, ಅದರ ಬೆನ್ನಿಗೇ ಅಮಾವಾಸ್ಯೆ. ಸಾಮಾನ್ಯವಾಗಿ ನೀವು ಹೇಳಿದ ಸಮಯದ ಆಸುಪಾಸಿನಲ್ಲೇ ಬರುತ್ತದೆ. ತ್ರಯೋದಶಿಯ ಬೆಳಗಿನ ವಿಮಾನ ಹಿಡಿದರೆ ಕಯಾಕ್‌ಗೆ ಕಗ್ಗತ್ತಲೆ, ನೀಲ್‌ಗೆ ಪಾಡ್ಯದ ಇಳಿತ, ಎರಡೂ ಸಿಗುತ್ತವೆ. ಅಮಾವಾಸ್ಯೆ ದಿನ ಪ್ರಯಾಣ ಬೇಡ ಅಂತ ಅಮ್ಮ ಹೇಳೇ ಹೇಳುತ್ತಾರೆ. ನಮ್ಮ ಮನೆಯಲ್ಲೂ ಹೇಳಿದ್ದರು. ಅದಕ್ಕೇ ಅಮಾವಾಸ್ಯೆ ದಿನ ಹ್ಯಾವ್‌ಲಾಕ್ ಬಿಟ್ಟು ಕದಲಬೇಡಿ. ಪಾಡ್ಯಕ್ಕೂ ಬೇಡ ಅಂದರೆ ಮಾತ್ರ ನನ್ನ ಹತ್ತಿರ ಉಪಾಯ ಇಲ್ಲ.

ದಾರಿ ಹೀಗೆ. ಬೆಂಗಳೂರಿಂದ ನೇರ ವಿಮಾನ ಇದೆ, ಎರಡೂವರೆ ಗಂಟೆ ಚಿಲ್ಲರೆ. ವಿಜಯನಗರದಿಂದ ಕೆಂಪೇಗೌಡ ಏರ್‌ಪೋರ್ಟ್ ಮುಟ್ಟಲು ಎಷ್ಟಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ. ಪೋರ್ಟ್‌ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಅಂತ ಹೆಸರಾಗಿದೆ. 2018ರಲ್ಲಿ ಹ್ಯಾವ್‌ಲಾಕ್ ಸ್ವರಾಜ್ ದ್ವೀಪವಾಯಿತು, ನೀಲ್ ಶಹೀದ್ ದ್ವೀಪವಾಯಿತು. ಟಿಕೆಟ್‌ನಲ್ಲಿ ಎರಡರಲ್ಲಿ ಯಾವ ಹೆಸರಿದ್ದರೂ ಗಾಬರಿಯಾಗಬೇಡಿ. ಇಳಿದ ದಿನವೇ ಮಧ್ಯಾಹ್ನದ ಹಡಗು ಹಿಡಿದು ಹ್ಯಾವ್‌ಲಾಕ್‌ಗೆ ಹೋಗಿ, ಖಾಸಗಿ ಹಡಗಾದರೆ ಒಂದೂವರೆ ಗಂಟೆ ದಾರಿ. ಅಲ್ಲಿ ಮೂರು ರಾತ್ರಿ. ಆಮೇಲೆ ನೀಲ್‌ನಲ್ಲಿ ಒಂದು ರಾತ್ರಿ. ಕೊನೆಯ ರಾತ್ರಿ ಕಡ್ಡಾಯವಾಗಿ ಪೋರ್ಟ್‌ಬ್ಲೇರ್‌ನಲ್ಲಿ. ಗಾಳಿ ಕೆಟ್ಟರೆ ಹಡಗು ನಿಲ್ಲುತ್ತದೆ. ದ್ವೀಪದಿಂದ ವಾಪಸ್ ಬರುವ ದಿನವೇ ವಿಮಾನ ಇಟ್ಟುಕೊಂಡು ಟಿಕೆಟ್ ಕಳೆದುಕೊಂಡವರನ್ನು ತುಂಬಾ ನೋಡಿದ್ದೇನೆ. ವಾಂತಿ ಮಾತ್ರೆಯನ್ನು ಹಡಗು ಹತ್ತೋಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ, ಹೊಟ್ಟೆ ತೊಳೆಸಿದ ಮೇಲಲ್ಲ.

ಆರು ದಿನಕ್ಕೆ ಎರಡೇ ದ್ವೀಪಾನಾ ಅಂತ ಏಜೆಂಟ್ ನಗಬಹುದು. ನಗಲಿ.

ಹ್ಯಾವ್‌ಲಾಕ್‌ಗೆ ಇಳಿದ ಮೇಲೆ ಮೊದಲು ಗಡಿಯಾರದ ಲೆಕ್ಕ ಬಿಡಿ. ಗಂಟೆ ಭಾರತದ್ದೇ ಆದರೂ ಸೂರ್ಯ ಬೆಂಗಳೂರಿಗಿಂತ ಒಂದು ಗಂಟೆ ಮುಂಚೆ ಹುಟ್ಟಿ ಒಂದು ಗಂಟೆ ಮುಂಚೆ ಮುಳುಗುತ್ತಾನೆ. ಸಂಜೆ ಆರಕ್ಕೆಲ್ಲ ಕತ್ತಲು. ಹತ್ತು ಗಂಟೆಗೆ ಎದ್ದು, ತಿಂಡಿ ತಿಂದು, ಹೊರಡೋಣ ಅನ್ನುವವರಿಗೆ ಅರ್ಧ ದಿನ ಖೋತಾ. ಐದಕ್ಕೆ ಎದ್ದು ಕಾಲಾಪತ್ಥರ್ ತೀರಕ್ಕೆ ಹೋಗಿ, ಅದು ಪೂರ್ವಕ್ಕಿದೆ. ಸಂಜೆ ಪಶ್ಚಿಮಕ್ಕಿರುವ ರಾಧಾನಗರ. ಅಮ್ಮನಿಗೆ ಒಂದು ಸ್ವಾರಸ್ಯ ಹೇಳಿ. ಹ್ಯಾವ್‌ಲಾಕ್‌ನ ಹಳ್ಳಿಗಳ ಹೆಸರು ಗೋವಿಂದನಗರ, ರಾಧಾನಗರ, ಕೃಷ್ಣನಗರ, ಶ್ಯಾಮನಗರ. ನೀಲ್‌ನಲ್ಲಿ ಸೀತಾಪುರ, ಭರತಪುರ, ಲಕ್ಷ್ಮಣಪುರ, ರಾಮನಗರ. ಒಂದು ದ್ವೀಪದಲ್ಲಿ ಭಾಗವತ, ಇನ್ನೊಂದರಲ್ಲಿ ರಾಮಾಯಣ. ದೇಶ ವಿಭಜನೆಯ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರ ಊರುಗಳು ಇವು.

ರಾಧಾನಗರವನ್ನು 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದ ಅತಿ ಚೆಂದದ ತೀರ ಅಂತ ಕರೆದಿತ್ತು. ಆವತ್ತಿನಿಂದ ಎಲ್ಲರೂ ಅಲ್ಲಿಗೆ ಹೋಗಿ ಕಡಲಿಗೇ ಮುಖ ಮಾಡಿ ನಿಲ್ಲುತ್ತಾರೆ. ನೀವು ಒಂದು ಹತ್ತು ನಿಮಿಷ ಬೆನ್ನು ಮಾಡಿ ನಿಲ್ಲಿ. ಮರಳು ಮುಗಿದಲ್ಲೇ ಕಾಡು ಶುರು. ನಮ್ಮ ಕರಾವಳಿಯಲ್ಲಿ ಕಡಲಿಗೂ ಕಾಡಿಗೂ ಮಧ್ಯೆ ತೆಂಗಿನ ತೋಟ, ಗದ್ದೆ, ಹೈವೇ ಎಲ್ಲ ಇವೆ. ಇಲ್ಲಿ ಏನೂ ಇಲ್ಲ. ಆಗುಂಬೆ ಕಾಡನ್ನು ತಂದು ನೀರಿನ ಅಂಚಿಗೆ ಇಟ್ಟ ಹಾಗೆ. ಗೋಡೆಯ ಹಾಗೆ ಎದ್ದು ನಿಂತ ಹಲಗೆಬೇರುಗಳ ಮಧ್ಯೆ ಮಗಳು ಪೂರ್ತಿ ಅಡಗಿ ಕೂರಬಹುದು. ಈ ಕಾಡಲ್ಲಿ ಹುಲಿ ಇಲ್ಲ, ಚಿರತೆ ಇಲ್ಲ. ಆನೆಗಳಿದ್ದವು, ಆದರೆ ಅವು ಮರ ಎಳೆಯಲು ಹಡಗಿನಲ್ಲಿ ತಂದವು. ಭಯ ಪಡಬೇಕಾದದ್ದು ಕಾಡಿಗಲ್ಲ, ಹಿನ್ನೀರಿಗೆ. ಅದು ಮುಂದೆ ಹೇಳುತ್ತೇನೆ.

ಮರಳ ಮೇಲೂ ಕಣ್ಣಿಡಿ. ನೀರು ಇಳಿದ ಮೇಲೆ ಸಾಸಿವೆ, ಕಡಲೆಬೇಳೆ ಗಾತ್ರದ ಮರಳಿನ ಉಂಡೆಗಳು ಸಾಲಾಗಿ, ಚುಕ್ಕಿ ರಂಗೋಲಿಯ ಹಾಗೆ ಹರಡಿರುತ್ತವೆ. ಸುಮ್ನೆ ದಾಟಿ ಹೋಗಬೇಡಿ, ಕುಕ್ಕರಗಾಲಲ್ಲಿ ಕೂತು ನೋಡಿ. ನಡುವೆ ಒಂದು ತೂತು ಇರುತ್ತದೆ. ಎರಡು ನಿಮಿಷ ಸದ್ದು ಮಾಡದೆ ಇದ್ದರೆ ಬಟಾಣಿ ಗಾತ್ರದ ಏಡಿ ಹೊರಗೆ ಬರುತ್ತದೆ. ಮರಳನ್ನು ಬಾಯಿಗೆ ತುಂಬಿ, ಅದಕ್ಕೆ ಅಂಟಿದ ಸೂಕ್ಷ್ಮ ಪಾಚಿಯನ್ನು ತಿಂದು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ಎಸೆಯುತ್ತದೆ. ಮುಂದಿನ ಉಬ್ಬರಕ್ಕೆ ಎಲ್ಲ ಅಳಿಸಿಹೋಗುತ್ತದೆ. ಮತ್ತೆ ಇಳಿತಕ್ಕೆ ಮೊದಲಿಂದ. ನಮ್ಮ ಮನೆ ಮುಂದಿನ ರಂಗೋಲಿಯೂ ಹಾಗೇ ಅಲ್ವಾ.

ಎಲಿಫೆಂಟ್ ಬೀಚ್ ಬಗ್ಗೆ ನಿಮ್ಮ ಪಟ್ಟಿಯಲ್ಲಿ ವಾಟರ್ ಸ್ಪೋರ್ಟ್ಸ್ ಅಂತ ಬರೆದಿರುತ್ತದೆ. ಅದನ್ನು ಹೊಡೆದುಹಾಕಿ ಸ್ನಾರ್ಕ್ಲಿಂಗ್ ಅಂತ ಬರೆಯಿರಿ. ಕನ್ನಡಕದಂಥ ಮುಖವಾಡ, ಬಾಯಲ್ಲಿ ಕೊಳವೆ, ಮೈಗೆ ಲೈಫ್ ಜಾಕೆಟ್. ಮುಖ ಕೆಳಗೆ ಮಾಡಿ ತೇಲುವುದಷ್ಟೇ ಕೆಲಸ, ಕೈ ಹಿಡಿದು ಎಳೆದುಕೊಂಡು ಹೋಗಲು ಹುಡುಗ ಇರುತ್ತಾನೆ. ಮೊದಲ ದೋಣಿಗೇ ಹೋಗಿ. ಒಂಬತ್ತರ ಮೇಲೆ ಜಾತ್ರೆ. ನೀವಿಬ್ಬರು ಮತ್ತು ಮಗಳು ಕಾಡಿನ ದಾರಿಯಲ್ಲಿ ಗೈಡ್ ಜೊತೆ ನಡೆದೂ ಹೋಗಬಹುದು, ಮುಕ್ಕಾಲು ಗಂಟೆ ಹಿಡಿಯುತ್ತದೆ, ಕಡೆಗೆ ಸ್ವಲ್ಪ ಕೆಸರು. ಹವಳಕ್ಕೆ ನೀರು ಸಾಕಷ್ಟು ಮೇಲಿರಬೇಕು, ಇಳಿತದಲ್ಲಿ ಹೋದರೆ ಹವಳದ ಮೇಲೇ ಕಾಲಿಡಬೇಕಾಗುತ್ತದೆ. ನೀಲ್‌ನ ಗುಂಡಿಗಳಿಗೆ ಇಳಿತ, ಇಲ್ಲಿಗೆ ಉಬ್ಬರ. ಟೈಡ್ ಟೇಬಲ್ ಎರಡಕ್ಕೂ ಬೇಕು.

ತಲೆ ನೀರಲ್ಲಿ ಮುಳುಗಿಸಿದ ಕೂಡಲೇ ಕಣ್ಣಿಗಿಂತ ಮೊದಲು ಕಿವಿಗೆ ಕೆಲಸ. ಚಟಚಟ ಅಂತ ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಸದ್ದು. ಅದು ಸ್ನಾಪಿಂಗ್ ಶ್ರಿಂಪ್ ಅನ್ನುವ ಪುಟ್ಟ ಸೀಗಡಿಗಳು ಕೊಂಡಿ ಬಡಿಯುವ ಸದ್ದು. ಆಮೇಲೆ ಗಿಳಿಮೀನು ಕಾಣುತ್ತದೆ, ಗಿಳಿಯ ಕೊಕ್ಕಿನಂಥ ಬಾಯಿ. ಹವಳದ ಕಲ್ಲನ್ನು ಕಟುಂ ಅಂತ ಕಚ್ಚಿ, ಅದರ ಮೇಲಿನ ಪಾಚಿ ಜೀರ್ಣಿಸಿಕೊಂಡು, ಕಲ್ಲನ್ನು ಬಿಳಿ ಪುಡಿ ಮಾಡಿ ಹಿಂದಿನಿಂದ ಬಿಡುತ್ತದೆ. ಇಂಥ ದ್ವೀಪಗಳ ಬಿಳಿ ಮರಳಿನಲ್ಲಿ ಒಂದು ಪಾಲು ಈ ಮೀನಿನ ಹಿಕ್ಕೆ. ಈ ವಿಷಯ ಮಗಳಿಗೆ ಮರಳ ಮೇಲೆ ಮಲಗಿದ ಮೇಲೆ ಹೇಳಿ. ಎಲ್ಲೆಡೆ ಬಣ್ಣದ ಹವಳವೇ ಇರುತ್ತೆ ಅಂದುಕೊಳ್ಳಬೇಡಿ. 2010 ಮತ್ತು 2016ರಲ್ಲಿ ಕಡಲ ನೀರು ಬಿಸಿಯಾಗಿ ಇಲ್ಲಿನ ಹವಳ ಬಿಳಿಚಿಕೊಂಡು ತುಂಬಾ ಸತ್ತಿದೆ. ಬೂದು ಬಣ್ಣದ ಮುರುಕುಗಳ ಮಧ್ಯೆ ಹೊಸದು ಚಿಗುರುತ್ತಿದೆ. ಸನ್‌ಸ್ಕ್ರೀನ್‌ನ ಕೆಲವು ರಾಸಾಯನಿಕಗಳು ಹವಳಕ್ಕೆ ಆಗಿಬರಲ್ಲ. ಅದರ ಬದಲು ಎಲ್ಲರಿಗೂ ತುಂಬುತೋಳಿನ ಈಜುಬಟ್ಟೆ ಕೊಳ್ಳಿ.

ಸ್ಕೂಬಾ, ಅಂದರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು? ಈಜು ಬಾರದಿದ್ದರೂ ತರಬೇತುದಾರರ ಜೊತೆ ಸುಮಾರು ಹನ್ನೆರಡು ಮೀಟರ್ ಒಳಗೆ ಇಳಿಯಬಹುದು. ನೀವಿಬ್ಬರೂ ಮಾಡಿ. ಮಗಳಿಗೆ ಇನ್ನೂ ಒಂದು ವರ್ಷ ಬೇಕು, ಸಾಮಾನ್ಯವಾಗಿ ಹತ್ತು ತುಂಬಿರಬೇಕು. ಬಿಪಿ, ಆಸ್ತಮಾ, ಕಿವಿಯ ತೊಂದರೆ ಇದ್ದರೆ ಫಾರಂನಲ್ಲಿ ಮುಚ್ಚಿಡಬೇಡಿ. ಸುಮ್ಮನೆ ಎಲ್ಲದಕ್ಕೂ ಇಲ್ಲ ಅಂತ ಟಿಕ್ ಮಾಡುವ ಚಾಳಿ ನಮ್ಮವರಿಗೆ ಇದೆ. ಮುಳುಗಿದ ಮೇಲೆ 18ರಿಂದ 24 ಗಂಟೆ ವಿಮಾನ ಹತ್ತಬಾರದು. ಆಳದಲ್ಲಿ ಒತ್ತಡಕ್ಕೆ ರಕ್ತದಲ್ಲಿ ಕರಗಿದ ಸಾರಜನಕ, ಮೇಲೆ ಹೋದಾಗ ಸೋಡಾ ಬಾಟಲ್ ಮುಚ್ಚಳ ತೆಗೆದ ಹಾಗೆ ಗುಳ್ಳೆಯಾಗುತ್ತದೆ. ಹ್ಯಾವ್‌ಲಾಕ್‌ನ ಮೊದಲ ದಿನಗಳಲ್ಲೇ ಸ್ಕೂಬಾ ಮುಗಿಸಿ ಅನ್ನುವುದು ಇದಕ್ಕೇ.

ಮೊಸಳೆ ವಿಷಯ. ಅಂಡಮಾನಿನ ಕಾಂಡ್ಲಾ ಹಿನ್ನೀರುಗಳಲ್ಲಿ ಉಪ್ಪುನೀರಿನ ಮೊಸಳೆ ಇದೆ. ಅದು ಕಡಲಲ್ಲೂ ಈಜುತ್ತದೆ. 2010ರಲ್ಲಿ ರಾಧಾನಗರದ ಪಕ್ಕದ ಕೊಲ್ಲಿಯಲ್ಲೇ ಪ್ರವಾಸಿಯೊಬ್ಬರು ಸತ್ತಿದ್ದಾರೆ. ಹೆದರಿ ಟ್ರಿಪ್ ಬಿಡಬೇಕಾಗಿಲ್ಲ. ಬೋರ್ಡ್ ಹಾಕಿರುವ ಕಡೆ ಇಳಿಯಬೇಡಿ, ಹೊಳೆ ಕಡಲಿಗೆ ಸೇರುವ ಬಾಯಿಯ ಹತ್ತಿರ ಹೋಗಬೇಡಿ, ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ ನೀರಿಗಿಳಿಯಬೇಡಿ. ಕಯಾಕ್‌ಗೂ ಅನುಭವಿ ಗೈಡ್ ಬೇಕು. ಹೊರಡೋ ಮುಂಚೆ ಮೊಸಳೆ ಬಗ್ಗೆ ಕೇಳಿ, ನಗೆಯಾಡಿ ತಳ್ಳಿಹಾಕುವವನ ಜೊತೆ ಹೋಗಬೇಡಿ. ಇದಕ್ಕಿಂತ ದಿನನಿತ್ಯದ ಕಾಟ ಅಂದರೆ ಮರಳು ನೊಣ. ಕಾಣುವುದೇ ಇಲ್ಲ, ಕಚ್ಚಿದ್ದು ವಾರಗಟ್ಟಲೆ ತುರಿಸುತ್ತದೆ. ಸಂಜೆ ಮರಳ ಮೇಲೆ ಕೂರೋ ಮುಂಚೆ ಕಾಲಿಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳಿ, ಚಾಪೆ ಹಾಸಿಕೊಳ್ಳಿ.

ನೀಲ್‌ಗೆ ಎಲ್ಲರಿಗೂ ಹಿಂದೆ ಪಟ್ಟಿ ಇರುವ, ಜಾರದ ಚಪ್ಪಲಿ ಬೇಕು. ಬಂಡೆಯ ಮೇಲೆ ಪಾಚಿ ಇರುತ್ತದೆ, ಸಂದಿಗಳಲ್ಲಿ ಮುಳ್ಳುಚೆಂಡಿನಂಥ ಸೀ ಅರ್ಚಿನ್ ಇರುತ್ತದೆ. ಅಮ್ಮನ ಮೊಣಕಾಲು ಗಟ್ಟಿ ಇಲ್ಲದಿದ್ದರೆ ಬಂಡೆಗೆ ಕರೆದೊಯ್ಯಬೇಡಿ. ಅವರಿಗೆ ಭರತಪುರದಲ್ಲಿ ಗಾಜಿನ ತಳದ ದೋಣಿ ಇದೆ, ಕೂತಲ್ಲೇ ಮೀನು, ಹವಳ ಕಾಣುತ್ತದೆ. ಏಡಿಯೋ, ಸಮುದ್ರ ಸೌತೆ ಅನ್ನುವ ಪ್ರಾಣಿಯೋ ಗೈಡ್ ಕೈಗೆತ್ತಿ ಕೊಡಲು ಬಂದರೆ ಬೇಡ ಅನ್ನಿ, ಅಲ್ಲೇ ತೋರಿಸು ಅನ್ನಿ. ಊಟದ ಚಿಂತೆ ಬೇಡ. ನೀಲ್ ಅಂಡಮಾನಿನ ತರಕಾರಿ ತೋಟ. ಬೆಳಿಗ್ಗೆ ಸಂತೆಯಲ್ಲಿ ಆಗಷ್ಟೇ ಕಿತ್ತ ಬದನೆ, ಸೊಪ್ಪು ಸಿಗುತ್ತದೆ. ಪೋರ್ಟ್‌ಬ್ಲೇರ್‌ನಲ್ಲಂತೂ ತಮಿಳರು ತುಂಬಾ, ಇಡ್ಲಿಗೆ ಕೊರತೆ ಇಲ್ಲ. ನೀಲ್‌ನ ಸುತ್ತ ಕಡಲ ಹುಲ್ಲು ಬೆಳೆಯುತ್ತದೆ, ಅದನ್ನು ಮೇಯಲು ಡುಗಾಂಗ್ ಬರುತ್ತದೆ. ಕಡಲ ಹಸು ಅನ್ನುವುದು ಅದನ್ನೇ. ಅಂಡಮಾನಿನ ರಾಜ್ಯಪ್ರಾಣಿ. ಇಷ್ಟು ವರ್ಷದಲ್ಲಿ ನನಗೆ ಒಂದು ಸಲವೂ ಕಂಡಿಲ್ಲ.

ಇನ್ನು ಬಾರಾತಾಂಗ್. ಸುಣ್ಣಕಲ್ಲಿನ ಗುಹೆ ಚೆನ್ನಾಗಿದೆ, ಅಲ್ಲಿಗೆ ಕಾಂಡ್ಲಾ ಕಾಡಿನ ಮಧ್ಯೆ ದೋಣಿಯಲ್ಲಿ ಹೋಗುವುದು ಇನ್ನೂ ಚೆನ್ನಾಗಿದೆ. ಆದರೂ ನಾನು ಯಾರನ್ನೂ ರಸ್ತೆಯಲ್ಲಿ ಕಳಿಸಲ್ಲ. ಆ ರಸ್ತೆ ಹೋಗುವುದು ಜಾರವಾ ಅನ್ನುವ ಆದಿವಾಸಿ ಜನರ ಮೀಸಲು ಕಾಡಿನ ಒಳಗೆ. ಜಿರ್ಕಾತಾಂಗ್ ಚೆಕ್‌ಪೋಸ್ಟ್‌ನಿಂದ ಗಾಡಿಗಳನ್ನು ಸಾಲಾಗಿ, ಪೊಲೀಸ್ ಕಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ. ಆದರೂ ಗಾಡಿಯೊಳಗಿನ ಕತ್ತುಗಳೆಲ್ಲ ಕಿಟಕಿ ಕಡೆಗೇ ಇರುತ್ತವೆ, ಯಾರನ್ನು ಹುಡುಕುತ್ತಾ ಅಂತ ಬಿಡಿಸಿ ಹೇಳಬೇಕಾ? 2002ರಲ್ಲೇ ಸುಪ್ರೀಂ ಕೋರ್ಟ್ ಆ ಭಾಗದ ರಸ್ತೆ ಮುಚ್ಚಿ ಅಂದಿತ್ತು. ಮನುಷ್ಯರ ಮನೆಯಂಗಳದಲ್ಲಿ ಸಫಾರಿ ಹೋಗಿ ಬಂದ ಹಾಗಾಗುತ್ತದೆ. ನನ್ನ ಅಭಿಪ್ರಾಯ ಇಷ್ಟೇ, ತೀರ್ಮಾನ ನಿಮ್ಮದು. ಅದಲ್ಲದೆ ನಸುಕಿನಲ್ಲಿ ಹೊರಟು ಸಂಜೆ ಬರುವ ದಾರಿ, ಅಮ್ಮನಿಗೆ ಸುಸ್ತು.

ದಿಗ್ಲಿಪುರವನ್ನೂ ಈ ಸಲ ಬಿಡಿ. ಮರಳಿನ ದಾರಿಯಿಂದ ಜೋಡಿಸಿದ ರಾಸ್ ಮತ್ತು ಸ್ಮಿತ್ ಅವಳಿ ದ್ವೀಪ, ಕಾಲಿಪುರದಲ್ಲಿ ಮೊಟ್ಟೆಯಿಡಲು ಬರುವ ಕಡಲಾಮೆ, 732 ಮೀಟರ್ ಎತ್ತರದ ಸ್ಯಾಡಲ್ ಪೀಕ್, ಎಲ್ಲ ಉತ್ತರ ಅಂಡಮಾನಿನಲ್ಲಿವೆ. ಅದಕ್ಕೇ ಬೇರೆ ಆರು ದಿನ ಬೇಕು. ಬ್ಯಾರೆನ್ ದ್ವೀಪ ಭಾರತದ ಒಂದೇ ಒಂದು ಜೀವಂತ ಜ್ವಾಲಾಮುಖಿ ಅಂತ ಮಗಳು ಪಾಠದಲ್ಲಿ ಓದಿರಬಹುದು. ಅಲ್ಲಿ ಇಳಿಯಲು ಬಿಡಲ್ಲ.

ವಂಡೂರಿನಿಂದ ಹೋಗುವ ಜಾಲಿ ಬಾಯ್ ದ್ವೀಪ ಪಟ್ಟಿಯಲ್ಲಿದ್ದರೆ, ಒಂದು ದಿನ ಹೆಚ್ಚು ಮಾಡಿಕೊಳ್ಳಲು ಆದರೆ ಮಾತ್ರ ಇಟ್ಟುಕೊಳ್ಳಿ. 1983ರಲ್ಲಿ ಆದ ಕಡಲ ರಾಷ್ಟ್ರೀಯ ಉದ್ಯಾನದ ಭಾಗ ಅದು. ಅಲ್ಲಿ ಪ್ಲಾಸ್ಟಿಕ್ ಬಿಡಲ್ಲ. ದೋಣಿ ಹತ್ತುವ ಮುಂಚೆ ಬ್ಯಾಗ್ ಬಿಚ್ಚಿ ನೋಡುತ್ತಾರೆ. ನಮ್ಮ ಮನೆಯವರು ಗಾಂಧಿಬಜಾರ್‌ನಿಂದ ಹೊತ್ತು ತಂದಿದ್ದ ಕೋಡುಬಳೆ ಪ್ಯಾಕೆಟ್ ಅಲ್ಲೇ ಉಳಿಯಿತು. ವಾಪಸ್ ಬಂದಾಗ ಇರುವೆ ಹತ್ತಿತ್ತು. ಸ್ಟೀಲ್ ಡಬ್ಬಿ ತಗೊಂಡು ಹೋಗಿ.

ಕೊನೆಯ ದಿನ ಪೋರ್ಟ್‌ಬ್ಲೇರ್‌ನಲ್ಲಿ ಸೆಲ್ಯುಲರ್ ಜೈಲು ನೋಡೇ ನೋಡುತ್ತೀರಿ. ಸಂಜೆಗೆ ಚಿಡಿಯಾ ಟಾಪು ಕಡೆ ಹೋಗಿ, ಹೆಸರೇ ಹಕ್ಕಿಗಳ ದ್ವೀಪ ಅಂತ. ಅಂಡಮಾನ್ ಬಿಟ್ಟರೆ ಬೇರೆಲ್ಲೂ ಸಿಗದ ಕಪ್ಪು ಮರಕುಟಿಗ ಅಲ್ಲಿದೆ. ದಾರಿ ಬದಲಿಸಿ ಸಿಪ್ಪಿಘಾಟ್‌ನಲ್ಲಿ ಹತ್ತು ನಿಮಿಷ ನಿಲ್ಲಿಸಿ. ನೋಡಲು ಸಾಮಾನ್ಯ ಜವುಗು, ಬೆಳ್ಳಕ್ಕಿಗಳು. ಆದರೆ 2004ರ ಡಿಸೆಂಬರ್ 26ರ ಬೆಳಿಗ್ಗೆವರೆಗೂ ಅದು ಗದ್ದೆ. ಆವತ್ತಿನ ಭೂಕಂಪಕ್ಕೆ ಪೋರ್ಟ್‌ಬ್ಲೇರ್ ಸುತ್ತಿನ ನೆಲ ಸುಮಾರು ಒಂದು ಮೀಟರ್ ಕುಸಿಯಿತು, ಕಡಲು ಒಳಗೆ ಬಂತು, ಮತ್ತೆ ಹೋಗಲಿಲ್ಲ. ವಾಯವ್ಯದ ಕಡೆ ನೆಲ ಮೇಲೆದ್ದು ಹವಳದ ದಂಡೆಗಳು ಗಾಳಿಗೆ ಬಿದ್ದು ಸತ್ತವು. ಇಡೀ ದ್ವೀಪಸಾಲು ತಕ್ಕಡಿಯ ಹಾಗೆ ವಾಲಿತು. ನಿಂತ ನೀರಲ್ಲಿ ಈಗಲೂ ಒಣ ಮರದ ಬೊಡ್ಡೆಗಳಿವೆ.

ನೇತ್ರಾಣಿ ಸಾಕಾ ಅಂತ ಕೇಳಿದ್ದೀರಿ. ಸಾಕು ಅನ್ನಲ್ಲ, ಮೊದಲು ಅದು ಅನ್ನುತ್ತೇನೆ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ಕಡಲೊಳಗೆ, ದೋಣಿಯಲ್ಲಿ ಒಂದು ಒಂದೂವರೆ ಗಂಟೆ. ಶುಕ್ರವಾರ ರಾತ್ರಿ ಬಸ್ಸೋ ರೈಲೋ ಹತ್ತಿದರೆ ಸೋಮವಾರ ಆಫೀಸಿಗೆ ಹಾಜರ್. ದ್ವೀಪದ ಮೇಲೆ ಓಡಾಡುವುದು ಇರಲ್ಲ, ಸುತ್ತಲ ನೀರಿನಲ್ಲೇ ಎಲ್ಲ. ತಲೆಯೆತ್ತಿದರೆ ಬಿಳಿ ಹೊಟ್ಟೆಯ ಕಡಲ ಹದ್ದು. ಅಕ್ಟೋಬರ್‌ನಿಂದ ಮೇವರೆಗೆ ಸೀಸನ್. ನೀವಿಬ್ಬರೂ ಜನವರಿಯಲ್ಲೇ ಒಮ್ಮೆ ಹೋಗಿ ಬನ್ನಿ. ದೋಣಿಗೆ ನಿಮ್ಮ ಹೊಟ್ಟೆ ತಡೆಯುತ್ತಾ, ನೀರೊಳಗೆ ಕಿವಿ ತಡೆಯುತ್ತಾ ಅಂತ ಕಡಿಮೆ ಖರ್ಚಿನಲ್ಲಿ ಗೊತ್ತಾಗುತ್ತದೆ. ಮಗಳ ಜೊತೆಗಾದರೆ ಮಲ್ಪೆಯ ಸೇಂಟ್ ಮೇರೀಸ್ ವಾಸಿ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬಿರಿದು ದೂರವಾಗುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ಅಲ್ಲಿ ಆರುಮೂಲೆಯ ಕಂಬಗಳಾಗಿ ನಿಂತಿದೆ. ಬಳಪದ ಕಡ್ಡಿಗಳನ್ನು ಕಟ್ಟು ಕಟ್ಟಿ ನಿಲ್ಲಿಸಿದ ಹಾಗೆ.

ಕಡೆಗೆ ಚಿಪ್ಪು. ತರಬೇಡಿ. ಹವಳವಂತೂ, ಸತ್ತ ತುಂಡಾದರೂ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಹಲವು ಜಾತಿ ಚಿಪ್ಪುಗಳಿಗೂ ಅದೇ. ಏರ್‌ಪೋರ್ಟ್‌ನಲ್ಲಿ ಬ್ಯಾಗ್ ಬಿಚ್ಚಿಸಿ ತೆಗೆಸುತ್ತಾರೆ. ಆದರೆ ಒಂಬತ್ತು ವರ್ಷದ ಹುಡುಗಿಗೆ ಕಾಯ್ದೆ ಹೇಳಿ ಏನು ಪ್ರಯೋಜನ? ಕತ್ತಲಾದ ಮೇಲೆ ಅವಳ ಕೈ ಹಿಡಿದು ರೂಮಿನ ಹತ್ತಿರದ ತೀರಕ್ಕೆ ಹೋಗಿ, ನೀರಿನಿಂದ ದೂರ, ಬಳ್ಳಿ ಹಬ್ಬಿರುವ ಕಡೆ. ಟಾರ್ಚ್ ನೆಲಕ್ಕೆ ಹಿಡಿಯಿರಿ. ಚಿಪ್ಪುಗಳು ನಡೆದಾಡುತ್ತಿರುತ್ತವೆ. ಸನ್ಯಾಸಿ ಏಡಿ ಅಂತ ಹೆಸರು, ಆದರೆ ಮನೆಯ ಮೋಹ ಇದಕ್ಕಿರುವಷ್ಟು ಯಾರಿಗೂ ಇಲ್ಲ. ಮೆತ್ತನೆ ಹೊಟ್ಟೆ ಮುಚ್ಚಿಕೊಳ್ಳಲು ಸತ್ತ ಶಂಖದ ಚಿಪ್ಪು ಬೇಕು. ಮೈ ಬೆಳೆದ ಹಾಗೆ ದೊಡ್ಡದು ಬೇಕು. ಒಳ್ಳೆ ಖಾಲಿ ಚಿಪ್ಪು ಸಿಕ್ಕ ಕಡೆ ಒಮ್ಮೊಮ್ಮೆ ಇವು ಗಾತ್ರದ ಪ್ರಕಾರ ಸಾಲು ನಿಲ್ಲುತ್ತವೆ. ದೊಡ್ಡದು ಹೊಸ ಮನೆಗೆ ಹೋದ ಕೂಡಲೇ ಅದು ಬಿಟ್ಟದ್ದಕ್ಕೆ ಎರಡನೆಯದು, ಎರಡನೆಯದರ ಮನೆಗೆ ಮೂರನೆಯದು. ಎರಡು ನಿಮಿಷದಲ್ಲಿ ಇಡೀ ಬೀದಿ ಮನೆ ಬದಲಾಯಿಸಿರುತ್ತದೆ. ಅಡ್ವಾನ್ಸಿಲ್ಲ, ಬ್ರೋಕರ್ ಇಲ್ಲ. ಚಿಪ್ಪು ಸಿಗದೆ ಬಾಟಲ್ ಮುಚ್ಚಳ ಹೊತ್ತು ತಿರುಗುವ ಏಡಿಯನ್ನೂ ನಾನು ನೋಡಿದ್ದೇನೆ.

ಹಗಲು ಅವಳು ಎಷ್ಟು ಬೇಕಾದರೂ ಚಿಪ್ಪು ಆರಿಸಲಿ. ಒಳಗೆ ಯಾರಾದರೂ ಇದ್ದಾರಾ ಅಂತ ನೋಡಿ, ಖಾಲಿ ಇದ್ದವನ್ನು ಸಂಜೆ ಆ ಬಳ್ಳಿಯ ಬುಡದಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಡಲಿ. ಬೆಳಿಗ್ಗೆ ಐದೂವರೆಗೆ ಹೋಗಿ ಎಷ್ಟು ಖರ್ಚಾಗಿವೆ ಎಣಿಸಲಿ.